ಕೋಟು ಗುಂಡೂ ಬನದ ಗಂಟೆಯೂ

ಕೋವಿ ರಿಪೇರಿ ಅಂಗಡಿಯ ಹಿಂದಿನ ಜಗಲಿಯಲ್ಲಿ ಈಗ ನನ್ನ ಮೈದುನನ ಸೊಸೆ ವಿಮಲ ಕೂರುತ್ತಾಳೆ. ಮುಂದಿನ ಅಂಗಡಿಯ ಪರವಾನಗಿ ಅವಳ ಗಂಡನ ಹೆಸರಿಗಿದೆ. ಹಿಂದಿನ ಜಗಲಿಯ ಕೆಲಸಕ್ಕೆ ಯಾರ ಹೆಸರೂ ಇಲ್ಲ. ನನಗೂ ಇರಲಿಲ್ಲ. ಸೀಸ ಕರಗಿಸುವುದು, ಗುಂಡು ಎರೆಯುವುದು, ಅದಕ್ಕೆ ಮೇಣ ಸವರುವುದು, ರಿಪೇರಿಗೆ ಬಂದ ಕೋವಿಗಳ ನಳಿಗೆ ತೊಳೆಯುವುದು, ಇವೆಲ್ಲ ಅಡುಗೆ, ಪೂಜೆ, ಕೊಟ್ಟಿಗೆಯ ನಡುವೆ ಆಗಿಹೋಗುತ್ತಿದ್ದವು. ಕಣ್ಣಿಗೆ ಪೊರೆ ಬಂದು, ಕಾದ ಸೀಸದ ಬಣ್ಣ ಗುರುತು ಹತ್ತದಾದ ಮೇಲೆ ನಾನು ಸೌಟು ಕೆಳಗಿಟ್ಟೆ. ಆಗಲೂ ಬೆರಳುಗಳೆಲ್ಲ ನೆಟ್ಟಗಿದ್ದವು. ಈ ಕಸುಬಿನಲ್ಲಿ ಅದೇ ದೊಡ್ಡ ದಯೆ.

ಮೊನ್ನೆ ವಿಮಲ ಕೇಳಿದಳು, "ದೊಡ್ಡತ್ತೆ, ಬಂದವರೆಲ್ಲ ಕೇಳೋದು ಒಂದೇ. ರೈಫಲಿಗೆ ಕೋಟು ಗುಂಡು ಒಳ್ಳೇದಾ, ಬರೀ ಸೀಸದ್ದು ಒಳ್ಳೇದಾ ಅಂತ. ನಾನು ಏನು ಹೇಳ್ಲಿ?"

"ನಿನ್ನ ಗಂಡ ಏನು ಹೇಳ್ತಾನೆ?"

"ಅಂಗಡೀಲಿ ಯಾವುದು ಇದೆಯೋ ಅದು ಒಳ್ಳೇದು ಅಂತಾರೆ."

ಅಂಗಡಿಯವನ ಉತ್ತರ ಅದು, ತಪ್ಪಲ್ಲ. ಜಗಲಿಯ ಉತ್ತರ ಬೇರೆ. ಅದು ಒಂದು ಮಾತಿಗೆ ಮುಗಿಯುವಂಥದ್ದಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಅರಕಲಗೂಡಿನ ಕಡೆಯವಳು. ಮದುವೆಯಾಗಿ ಮಡಿಕೇರಿ ಸೀಮೆಯ ಈ ಊರಿಗೆ ಬಂದಾಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲ ಆಗಿರಲಿಲ್ಲ. ಆ ಸಿಟ್ಟನ್ನು ಜನ ನಗುನಗುತ್ತ ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದರು. "ನಿಮ್ಮ ಮೈಸೂರಿನವರು ನಮ್ಮ ಕೋವಿ ಕಿತ್ಕೊಳ್ತಾರಂತೆ, ಹೌದಾ ಆಚಾರ್ತಮ್ಮ?" ಅನ್ನುವರು. "ನಾನು ಸೌಟು ಹಿಡಿಯೋಕೆ ಬಂದವಳು, ಕೋವಿ ಕೀಳೋಕಲ್ಲ" ಅನ್ನುತ್ತಿದ್ದೆ. ಇಲ್ಲಿ ಮನೆಮನೆಗೂ ಕೋವಿ. ಗಂಡು ಹುಟ್ಟಿದರೆ ಒಂದು ಗುಂಡು, ಮನುಷ್ಯ ಸತ್ತರೆ ಎರಡು. ಆ ಸದ್ದು ಕೇಳಿಯೇ ಆಚೆ ಗುಡ್ಡದವರು ಹೊರಡುತ್ತಿದ್ದರು, ತೊಟ್ಟಿಲಿಗೋ ಸೂತಕಕ್ಕೋ ಅಂತ ತಿಳಿದುಕೊಂಡು. ನಮ್ಮ ಯಜಮಾನರು ವಿಶ್ವಕರ್ಮದವರು, ಅವರ ಅಜ್ಜನ ಕಾಲದಿಂದ ಕೋವಿ ಕೆಲಸ.

ನನಗೆ ಮೇಲಧಿಕಾರಿ ಅಂದರೆ ನಮ್ಮ ಅತ್ತೆ. ಮೊದಲನೇ ದಿನವೇ ಎರಡು ಒಲೆ ತೋರಿಸಿದರು. ಒಂದು ಅನ್ನದ್ದು, ಅಡುಗೆಮನೆಯಲ್ಲಿ. ಇನ್ನೊಂದು ಸೀಸದ್ದು, ಹೊರಗೆ ಜಗಲಿಯ ಕೊನೆಯಲ್ಲಿ, ಗಾಳಿ ಆಡುವ ಕಡೆ. "ಈ ಒಲೆ ಸೌಟು ಆ ಒಲೆಗೆ ಬರಬಾರ್ದು. ಆ ಒಲೆ ಕೈ ತೊಳೀದೆ ಈ ಒಲೆಗೆ ಬರಬಾರ್ದು. ಸೀಸಕ್ಕೆ ನೀರು ಆಗದು. ಇಷ್ಟು ನೆನಪಿಟ್ಕೋ, ಮಿಕ್ಕಿದ್ದು ತಾನಾಗಿ ಬರ್ತದೆ." ಸೀಸದ ಒಲೆ ಹೊರಗಿಟ್ಟದ್ದು ಆ ಮನೆಯ ಹಿಂದಿನ ಹೆಂಗಸರು ಯಾರೋ. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಸೀಸದ ಹೊಗೆ ಕುಡಿಯದೆ ನನ್ನ ಎದೆ ಇನ್ನೂ ಗಟ್ಟಿ ಇರುವುದು ಅವರಿಂದ. ದೀಪ ಹಚ್ಚುವಾಗ ಅವರನ್ನೂ ನೆನೆಯುತ್ತೇನೆ.

ಸೀಸಕ್ಕೆ ನೀರು ಆಗದು ಅನ್ನುವುದನ್ನು ಒಂದು ಮಳೆಗಾಲ ಕಲಿಸಿತು. ಗದ್ದೆಯಿಂದ ಒಬ್ಬರು ಕಂಬಳಿ ಕೊಪ್ಪೆ ಹೊದ್ದು ನೇರ ಜಗಲಿಗೆ ಬಂದರು. "ಎಂಥ ಬೇಯಿಸ್ತಿದ್ದೀರಿ ಆಚಾರ್ತಮ್ಮ, ಕೆಸುವಾ?" ಅಂತ ಒಲೆಯ ಮೇಲೆ ಬಾಗಿದರು. ಕೊಪ್ಪೆಯ ತುದಿಯಿಂದ ಒಂದು ಹನಿ ಕಾದ ಸೀಸದೊಳಗೆ ಬಿತ್ತು. ಪಾತ್ರೆಯೇ ಒಮ್ಮೆ ಕೆಮ್ಮಿದ ಹಾಗಾಯಿತು. ಬೆಳ್ಳಿಯಂಥ ಹನಿಗಳು ಎದ್ದು ಮಾಡಿಗೆ ಅಂಟಿಕೊಂಡವು. ನನ್ನ ಸೆರಗು ಸುಟ್ಟಿತು. ಅವರ ಮೈಮೇಲೆ ಬಿದ್ದದ್ದನ್ನು ಕಂಬಳಿಯೇ ಹಿಡಿದುಕೊಂಡಿತು. ನೀರು ತಂದದ್ದೂ ಕಂಬಳಿ, ಕಾಪಾಡಿದ್ದೂ ಕಂಬಳಿ. ಉಣ್ಣೆಗೂ ರೇಷ್ಮೆಗೂ ಬೆಂಕಿ ಬೇಗ ಹತ್ತದು ಅಂತ ಅವತ್ತು ತಿಳಿದುಕೊಂಡೆ. ಆ ತಿಳಿವಳಿಕೆ ಮುಂದೆ ಬೇರೆ ದಿನಕ್ಕೆ ಬೇಕಾಯಿತು.

ಇನ್ನು ಗುಂಡಿನ ವಿಚಾರ. ನಾವು ಎರೆಯುತ್ತಿದ್ದದ್ದು ಬರೀ ಸೀಸದ್ದು. ಜೇನುಮೇಣಕ್ಕೆ ಸ್ವಲ್ಪ ಹರಳೆಣ್ಣೆ ಬೆರೆಸಿ ಅದಕ್ಕೆ ಸವರುತ್ತಿದ್ದೆ. ಇಲ್ಲದಿದ್ದರೆ ಸೀಸ ನಳಿಗೆಯ ಒಳಗೆ ಅಂಟುತ್ತದೆ. ಬೇರೆ ಕಡೆ ಕೊಬ್ಬು ಸವರುತ್ತಿದ್ದರಂತೆ, ನಮ್ಮ ಮನೆಯಲ್ಲಿ ಅದು ನಡೆಯುವಂತಿರಲಿಲ್ಲ. ಮೇಣ ಸವರಿದರೂ ಅಂಟುವುದು ಅಂಟುತ್ತಿತ್ತು. ಬಿಸಿನೀರು ಹೊಯ್ದು, ಬಟ್ಟೆ ಸುತ್ತಿದ ಕೋಲು ಹಾಕಿ ತಿಕ್ಕಿ ತಿಕ್ಕಿ ತೋಳು ಬೀಳುತ್ತಿತ್ತು.

ಕೋಟು ಗುಂಡು ಬಂದದ್ದು ಹೊಸ ರೈಫಲುಗಳ ಜೊತೆಗೆ. ಒಳಗೆ ಅದೇ ಸೀಸ, ಹೊರಗೆ ತಾಮ್ರದ ತೆಳು ಹೊದಿಕೆ. ಮೊದಲು ತಂದು ತೋರಿಸಿದವರು ಸುಬೇದಾರ್ ಬೆಳ್ಯಪ್ಪನವರು. ಪಟಾಲಮ್ಮಿನಿಂದ ನಿವೃತ್ತರಾಗಿ ಊರಲ್ಲಿ ಕಾಫಿ ತೋಟ ನೋಡಿಕೊಂಡಿದ್ದರು. ಅಂಗೈಯಲ್ಲಿ ಮದ್ದು ತುಂಬಿದ ಒಂದು ತೋಟಾ ಇಟ್ಟು, "ನೋಡಿ ಆಚಾರ್ರೆ, ಇದು ಸೂಟು ಬೂಟು ಹಾಕಿದ ಗುಂಡು. ನಿಮ್ಮ ಮನೇದು ಬತ್ತಲೆ ಗುಂಡು" ಅಂದರು.

ನಮ್ಮ ಯಜಮಾನರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಮದುವೆಗೆ ಹೋಗೋ ಹಾಗಿದೆ" ಅಂದರು.

ಅದರ ಒಳ್ಳೆಯದನ್ನು ಮೊದಲು ಹೇಳಬೇಕು. ನಳಿಗೆಗೆ ಸೀಸ ಅಂಟದು, ನನ್ನ ತೋಳಿಗೆ ಬಿಡುವು ಸಿಕ್ಕಿತು. ನಮ್ಮ ಮಳೆಯಲ್ಲಿ ವರ್ಷಗಟ್ಟಲೆ ಇಟ್ಟರೂ ಆಕಾರ ಕೆಡದು. ದೂರಕ್ಕೆ ನೆಟ್ಟಗೆ ಹೋಗುತ್ತದೆ. ಆನೆ, ಕಾಟಿಯಂಥ ದಪ್ಪ ಮೈಯ ಪ್ರಾಣಿ ಮೇಲೆ ಬಿದ್ದಾಗ ಬರೀ ಸೀಸ ಚರ್ಮದ ಹತ್ತಿರವೇ ಚಪ್ಪಟೆಯಾಗಿ ನಿಲ್ಲುತ್ತದೆ, ಕೋಟು ಗುಂಡು ಆಳಕ್ಕೆ ಇಳಿಯುತ್ತದೆ. ಗದ್ದೆ ಕಾವಲಿನವರ ಜೀವ ಅದರಿಂದ ಉಳಿದದ್ದುಂಟು, ನಾನೇ ಬಲ್ಲೆ.

ಕೆಟ್ಟದ್ದು ನನಗೆ ತಿಳಿದದ್ದು ನಳಿಗೆ ತೊಳೆಯುವಾಗ. ತೊಳೆದ ಮೇಲೆ ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಳಗೆ ನೋಡಬೇಕು. ಸುರುಳಿ ಗೆರೆಗಳು ಬೆಳಕಿನಲ್ಲಿ ಸುತ್ತಿಕೊಂಡು ಹೋಗಿ, ತುದಿಯಲ್ಲಿ ಆಕಾಶ ಒಂದು ಕಾಸಿನಷ್ಟು ಕಾಣುತ್ತದೆ. ಬಾವಿಯನ್ನು ಅಡಿಯಿಂದ ನೋಡಿದ ಹಾಗೆ. ಹಳೆಯ ಕೋವಿಗಳ ಕಬ್ಬಿಣ ಮೆತ್ತಗಿನದು. ಅವುಗಳಿಗೆ ಕೋಟು ಗುಂಡು ಹಾಕಿಸಿಕೊಂಡವರ ನಳಿಗೆಯಲ್ಲಿ ಆ ಗೆರೆಗಳು ದಿನೇದಿನೇ ಅಳಿಸಿಹೋಗುತ್ತಿದ್ದವು, ಮುದುಕರ ಅಂಗೈ ಗೆರೆಯ ಹಾಗೆ. ಆ ಮೇಲೆ ಗುಂಡು ಎತ್ತ ಹೋದೀತು ಅಂತ ಹೊಡೆದವನಿಗೂ ಗೊತ್ತಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಅದು ನಿಲ್ಲುವುದಿಲ್ಲ. ನಮ್ಮ ಯಜಮಾನರು ಹೇಳುತ್ತಿದ್ದರು: "ಬತ್ತಲೆ ಗುಂಡು ಹೋದ ಮನೇಲಿ ಕೂತು ಊಟ ಮಾಡ್ತದೆ. ಕೋಟು ಹಾಕಿದ್ದು ಮುಂದಿನ ಬಾಗಿಲಲ್ಲಿ ಬಂದು ಹಿಂದಿನ ಬಾಗಿಲಲ್ಲಿ ಎದ್ದು ಹೋಗ್ತದೆ."

ಇದು ಮಾತಿಗೆ ಹೇಳಿದ್ದಲ್ಲ ಅಂತ ಒಂದು ಬೆಳಿಗ್ಗೆ ಗೊತ್ತಾಯಿತು. ಸುಬೇದಾರ್ರು ಅವರ ತೋಟದ ಅಂಚಿನಲ್ಲಿ ಒಂದು ಕಾಡುಹಂದಿಗೆ ಹೊಡೆದರು. ನಾನು ಅವರ ಮನೆಗೆ ಹಾಲು ಕೊಡಲು ಹೋದವಳು ಅಂಗಳದಿಂದಲೇ ಕಂಡೆ. ಸದ್ದು ಆಯಿತು, ಹಂದಿ ಬೀಳಲಿಲ್ಲ, ಓಡಲೂ ಇಲ್ಲ. ತಲೆ ಎತ್ತಿ ನಮ್ಮ ಕಡೆ ನೋಡಿತು. ಯಾರೋ ಕರೆದ ಹಾಗೆ ನಿಧಾನಕ್ಕೆ ತಿರುಗಿ ಮಂಜಿನೊಳಗೆ ನಡೆದುಹೋಯಿತು. ಹೋಗಿ ಹುಡುಕಿದರೆ ಒಂದು ತೊಟ್ಟು ರಕ್ತವಿಲ್ಲ. "ತಪ್ಪಿತು ಸುಬೇದಾರ್ರೆ" ಅಂದರು ಜೊತೆಯವರು. "ನನ್ನ ಕೈ ತಪ್ಪೋದಿಲ್ಲ" ಅಂದರು ಅವರು, ಆದರೆ ಮುಖ ಬಿಳಿಚಿತ್ತು. ಆಮೇಲೆ ಯಾರೋ ಹಿಂದಿನ ಹಲಸಿನ ಮರ ನೋಡಿದರು. ಮನುಷ್ಯನ ಎದೆಯ ಎತ್ತರದಲ್ಲಿ ಒಂದು ಸಣ್ಣ ತೂತು, ಅದರಿಂದ ಹಾಲು ಇಳಿಯುತ್ತಿತ್ತು. ಹಂದಿಯ ರಕ್ತ ಕಾಣದೆ ಮರದ ಹಾಲು ಕಂಡದ್ದು ನನಗೆ ಇವತ್ತಿಗೂ ಸರಿಹೋಗಿಲ್ಲ. ಕೆಲವು ದಿನ ಬಿಟ್ಟು ಹೊಳೆಯ ಆಚೆ ರಣಹದ್ದುಗಳು ಸುತ್ತಿದವು. ಅಷ್ಟು ದೂರ ಆ ಜೀವ ನಡೆದಿತ್ತು. ಆ ಹೊತ್ತಿಗೆ ಮರದ ಹಿಂದಿನ ಕಾಲುದಾರಿಯಲ್ಲಿ ಯಾರೂ ಬರುತ್ತಿರಲಿಲ್ಲ. ಅದನ್ನೂ ದಯೆಯ ಲೆಕ್ಕಕ್ಕೆ ಹಾಕಿಕೊಂಡೆ.

ಈಗ ಗಂಟೆಯ ವಿಚಾರ ಹೇಳುತ್ತೇನೆ. ವಿಮಲ ಕೇಳಿದ್ದಕ್ಕೆ ಉತ್ತರ ಇರುವುದೂ ಅಲ್ಲೇ.

ನಮ್ಮ ಊರಿನ ದೊಡ್ಡ ಗದ್ದೆಯ ಆಚೆ ಒಂದು ಗುಡ್ಡ. ಅದರ ಇಳಿಜಾರಿನಲ್ಲಿ ಅಯ್ಯಪ್ಪನ ಬನ. ಅಲ್ಲಿ ಕೊಡಲಿ ಹಾಕುವ ಹಾಗಿಲ್ಲ, ಬೇಟೆಯಾಡುವ ಹಾಗಿಲ್ಲ. ಕಲ್ಲಿನ ಕಟ್ಟೆ, ಸುತ್ತ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳು, ಒಂದು ಅಡ್ಡ ಮರಕ್ಕೆ ತೂಗುಹಾಕಿದ ಕಂಚಿನ ಗಂಟೆ. ಸಂಜೆ ದೀಪ ಹಚ್ಚುತ್ತಿದ್ದವಳು ಅಕ್ಕಮ್ಮ. ಹಿಂದೆಮುಂದೆ ಯಾರೂ ಇಲ್ಲದ ವಿಧವೆ, ನನಗಿಂತ ದೊಡ್ಡವಳು, ನನ್ನನ್ನು ತಂಗಿ ಅನ್ನುತ್ತಿದ್ದಳು. ಹೊಸ ಊರಲ್ಲಿ ನನಗೆ ಸಿಕ್ಕ ಮೊದಲ ಸ್ನೇಹ ಅವಳದು.

ನಾಟಿ ಮುಗಿದ ಮೇಲೆ ಇಲ್ಲಿ ಕೈಲ್ ಮುಹೂರ್ತ ಬರುತ್ತದೆ, ಆಯುಧದ ಹಬ್ಬ. ನಾಟಿಯ ದಿನಗಳಲ್ಲಿ ದೇವರ ಕೋಣೆ ಸೇರಿದ್ದ ಕೋವಿಗಳನ್ನು ಅವತ್ತು ಹೊರಗೆ ತಂದು, ನಳಿಗೆಯ ಬಾಯಿಗೆ ಕೆಂಪು ಹಳದಿಯ ಕೋವಿ ಹೂವು ಸಿಕ್ಕಿಸಿ, ಗಂಧ ಇಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಗದ್ದೆಯ ಬದಿಯ ಬೈನೆ ಮರಕ್ಕೆ ಎತ್ತರದಲ್ಲಿ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವುದು.

ಆ ವರ್ಷ ಗಡಿಯಲ್ಲಿ ಗಲಾಟೆ. ಸುಬೇದಾರ್ರ ಒಬ್ಬನೇ ಮಗ ಪಟಾಲಮ್ಮಿನಲ್ಲಿದ್ದ, ಅವನ ಸುದ್ದಿ ನಿಂತುಹೋಗಿತ್ತು. ಅವರು ಹಬ್ಬಕ್ಕೆ ಬಂದದ್ದೇ ದೊಡ್ಡದು. ಅವರ ಸರದಿ ಬಂತು, ಹೊಸ ರೈಫಲಿನಿಂದ ಹೊಡೆದರು. ಕಾಯಿ ಅಲುಗಾಡಲಿಲ್ಲ.

"ಎಂಥ ಸುಬೇದಾರ್ರೆ, ಕಾಯಿಗೆ ಸಲಾಮು ಹೊಡೆದದ್ದಾ?" ಅಂತ ಯಾರೋ ಅಂದರು. ಎಲ್ಲರೂ ನಕ್ಕರು.

ಆ ನಗುವಿನ ಮಧ್ಯೆ ಬನದಲ್ಲಿ ಗಂಟೆ ಆಯಿತು. ಒಂದೇ ಒಂದು ಸಲ. ಮಂಜು ತುಂಬಿದ ಗುಡ್ಡ, ಒಳಗೆ ಯಾರೂ ಇಲ್ಲ, ಅಕ್ಕಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಾಳೆ. ನಗು ಹಾಗೇ ಬಾಯಲ್ಲಿ ನಿಂತಿತು. ಹೆಂಗಸರು ಕೈ ಮುಗಿದೆವು. ಆಗ ಕಾಯಿಯಿಂದ ನೀರು ಇಳಿಯತೊಡಗಿತು, ನೂಲಿನ ಹಾಗೆ ಸಣ್ಣಗೆ. ಒಡೆದಿಲ್ಲ, ಬಿರಿದಿಲ್ಲ, ಕಾಯಿ ಅಳುತ್ತಿರುವ ಹಾಗೆ. ಅದೇ ವಾರ ಸುಬೇದಾರ್ರ ಮಗ ರಜದ ಮೇಲೆ ಮನೆಗೆ ಬಂದ. ಸೊರಗಿದ್ದ, ಆದರೆ ನಡೆದುಕೊಂಡೇ ಬಂದ.

ಅಲ್ಲಿಂದ ಊರಿಗೆ ಒಂದು ಹುಚ್ಚು ಹಿಡಿಯಿತು. ಕಷ್ಟ ಬಂದವರೆಲ್ಲ ಗದ್ದೆಯ ಬದಿಗೆ ಬಂದು ಬೈನೆ ಮರಕ್ಕೆ ಹೊಡೆದು, ಗಂಟೆಗೆ ಕಿವಿಗೊಟ್ಟು ನಿಲ್ಲುವರು. ಕೋಟು ಗುಂಡೇ ಆಗಬೇಕು, ಸುಬೇದಾರ್ರು ಹೊಡೆದದ್ದು ಅದೇ ಅಲ್ಲವೇ ಅಂತ. ಬಹಳ ಸಲ ಏನೂ ಇಲ್ಲ. ಯಾವಾಗಲೋ ಒಮ್ಮೆ ಗಂಟೆ ಆಗುತ್ತಿತ್ತು. ಅವತ್ತು ಆ ಮನೆಯಲ್ಲಿ ಪಾಯಸ.

ಅಕ್ಕಮ್ಮ ಒಂದು ದಿನ ಸೆರಗಲ್ಲಿ ಏನೋ ಕಟ್ಟಿಕೊಂಡು ಜಗಲಿಗೆ ಬಂದಳು. ಬಿಚ್ಚಿದರೆ ಮಣ್ಣಿನ ನಾಯಿಯ ತಲೆ.

"ನಾಯಿಗಳು ಒಡೀತಾ ಉಂಟು ತಂಗಿ. ಗದ್ದೆಗೆ ಮುಖ ಮಾಡಿದವು ಮಾತ್ರ. ನಿನ್ನೆ ಸಂಜೆ ಸರಿಯಾಗಿದ್ದದ್ದು ಇವತ್ತು ತಲೆ ಇಲ್ಲ. ದೇವರಿಗೆ ಸಿಟ್ಟು ಬಂದದ್ದಾ ಹೇಗೆ?"

ನಾನು ಅವಳ ಜೊತೆ ಬನಕ್ಕೆ ಹೋದೆ. ಹಕ್ಕಿಯ ಸದ್ದೂ ಇರಲಿಲ್ಲ. ತಲೆ ಇಲ್ಲದ ನಾಯಿಗಳು ಗದ್ದೆಯ ಕಡೆ ನೋಡುತ್ತ ಸಾಲಾಗಿ ಕೂತಿದ್ದವು. ಒಂದರ ಟೊಳ್ಳು ಹೊಟ್ಟೆಗೆ ಕೈ ಹಾಕಿದಾಗ ಬೆರಳಿಗೆ ಏನೋ ಸಿಕ್ಕಿತು. ತಾಮ್ರದ ಕೋಟು. ಹಿಂದಿನಿಂದ ಬಿರಿದು, ದಳ ದಳವಾಗಿ ತೆರೆದುಕೊಂಡು, ಒಳಗೆ ಏನೂ ಇಲ್ಲ. ಹಾವು ಪೊರೆ ಕಳಚಿ ಹೋದ ಹಾಗೆ. ತಲೆ ಎತ್ತಿ ಗಂಟೆ ನೋಡಿದೆ. ಗದ್ದೆಯ ಕಡೆಯ ಮೈಯಲ್ಲಿ ತಗ್ಗುಗಳು, ತಗ್ಗಿನಲ್ಲಿ ತಾಮ್ರದ ಕೆಂಪು.

ಬನಕ್ಕೆ ನೇರ ಎದುರಿಗಿರುವ ಬೈನೆ ಮರದ ಒಳಗೆಲ್ಲ ಮೆತ್ತನೆ ತಿರುಳು. ಅದನ್ನು ದಾಟಿ ಬಂದವು ಇವು.

"ಅಕ್ಕಾ, ಗಂಟೆ ಬಾರಿಸಿದ್ದು ಇದು" ಅಂತ ತೋರಿಸಿದೆ.

ಅವಳು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ನೋಡಿದಳು. "ಇದು ಬರೀ ಅಂಗಿ ಅಲ್ವಾ ತಂಗಿ. ಒಳಗಿದ್ದದ್ದು ಎಲ್ಲಿ?"

ನಾನು ಸುತ್ತ ಹುಡುಕಿದೆ. ಸಿಗಲಿಲ್ಲ.

"ಅಂಗಿ ಇಲ್ಲಿ ಬಿಟ್ಟು ಅಯ್ಯಪ್ಪನ ಹತ್ರ ಹೋಗಿರ್ತದೆ" ಅಂದಳು ಅಕ್ಕಮ್ಮ. ನೆಂಟರ ಮನೆಗೆ ಹೋದದ್ದನ್ನು ಹೇಳಿದಷ್ಟು ಸಹಜವಾಗಿ ಹೇಳಿದಳು.

ಮುಂದಿನ ಹಬ್ಬ ಹತ್ತಿರ ಬಂತು. ಸುಬೇದಾರ್ರ ಮಗ ಮತ್ತೆ ಗಡಿಗೆ ಹೋಗಿದ್ದ. ಅವರು ಹರಕೆ ಹೇಳಿಕೊಂಡರು, ಈ ವರ್ಷವೂ ತಾನು ಹೊಡೆದು ಗಂಟೆ ಆಗಬೇಕು, ಗಂಟೆ ಆದರೆ ಮಗ ಉಳಿದ ಹಾಗೆ ಅಂತ. ಊರ ದೇವಸ್ಥಾನಕ್ಕೆ ಹಿರಿಯರಾದ ತಕ್ಕರು ಅದಕ್ಕೆ ಇನ್ನೊಂದು ಸೇರಿಸಿದರು. ದೇವರು ಬಾರಿಸುವುದನ್ನು ಕಣ್ಣಾರೆ ಕಂಡು ಹೇಳುವವರು ಒಬ್ಬರು ಬೇಕು. ಅಕ್ಕಮ್ಮ ಗಂಟೆಯ ಕೆಳಗೆ ದೀಪ ಹಿಡಿದು ನಿಂತಿರಲಿ.

ಅಕ್ಕಮ್ಮನಿಗೆ ಆದ ಸಂತೋಷ ಹೇಳತೀರದು. "ಇಷ್ಟು ವರ್ಷ ದೀಪ ಹಚ್ಚಿದೆ ತಂಗಿ. ಒಂದು ಸಲ ಕಂಡರೆ ಸಾಕು, ಮತ್ತೆ ನಂಗೆ ಎಂಥದೂ ಬೇಡ."

ಅವಳು ನಿಲ್ಲುವ ಜಾಗ ನಾನು ನೋಡಿದ್ದೆ. ತಲೆ ಇಲ್ಲದ ನಾಯಿಗಳ ಸಾಲಿನಲ್ಲೇ.

ನಮ್ಮ ಯಜಮಾನರು ಆ ತಾಮ್ರದ ಕೋಟನ್ನು ಹಿಡಿದುಕೊಂಡು ಸುಬೇದಾರ್ರ ಮನೆಗೆ ಹೋದರು, ಹಿಂದೆ ನಾನೂ. ತಕ್ಕರೂ ಅಲ್ಲೇ ಇದ್ದರು. ಸುಬೇದಾರ್ರು ಅದನ್ನು ನೋಡಿದರು. ಅವರು ಏನೂ ತಿಳಿಯದವರಲ್ಲ.

"ಗುಂಡು ಹೋಗಿ ಗಂಟೆಗೆ ಬೀಳ್ತದೆ ಅಂತ ನಂಗೆ ಗೊತ್ತಿಲ್ವಾ ಆಚಾರ್ರೆ? ಪಟಾಲಮ್ಮಿನಲ್ಲಿ ಮತ್ತೆ ಎಂಥ ಮಾಡಿದ್ದು ನಾನು? ಆದರೆ ಎಷ್ಟು ಜನ ಹೊಡೆದ್ರು, ಎಷ್ಟು ಸಲ ಬಿತ್ತು? ಬೇಕಾದಾಗ ಬೀಳಿಸೋದು ಯಾರು? ಹಬ್ಬದ ದಿನ ಕೋವಿಯೂ ದೇವರೇ, ಗುಂಡೂ ಅವನದ್ದೇ."

"ಅಕ್ಕಮ್ಮ ಅಲ್ಲಿ ನಿಂತಿರ್ತಾಳಲ್ಲ" ಅಂದರು ನಮ್ಮವರು.

"ಅವನ ಗುಂಡು ಅವನ ದೀಪದವಳಿಗೆ ಬಿದ್ದೀತಾ?" ಅಂದರು ತಕ್ಕರು.

ನಮ್ಮವರು ಆ ಕೋಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಬಿದ್ದೀತು ಅಂದರೆ ದೇವರನ್ನು ನಂಬದ ಹಾಗೆ, ಬೀಳದು ಅಂದರೆ ಕಸುಬನ್ನು ನಂಬದ ಹಾಗೆ. ಸುಬೇದಾರ್ರ ಕಣ್ಣು ನೋಡಿದೆ. ಅವರಿಗೆ ಅಕ್ಕಮ್ಮ ಕಾಣುತ್ತಿರಲಿಲ್ಲ, ಮಗ ಮಾತ್ರ ಕಾಣುತ್ತಿದ್ದ. ಅಂಥ ತಂದೆಗೆ ಬೇಡ ಅನ್ನುವುದು ಹೇಗೆ.

ಬಾಗಿಲ ಹತ್ತಿರ ನಿಂತಿದ್ದ ನನ್ನ ಬಾಯಿಗೆ ಆಗ ಬಂದ ಮಾತು ಇದು: "ಅಣ್ಣಾ, ಪೇಟೆಯಿಂದ ಬಂದ ಗುಂಡು ಯಾರ ಕೈಯಲ್ಲಿ ಆದದ್ದೋ, ಮಡಿ ಮೈಲಿಗೆ ಯಾರಿಗೆ ಗೊತ್ತು. ಕಾಯಿ ತೊಳೀತೇವೆ, ಹೂವು ತೊಳೀತೇವೆ. ದೇವರ ಕಡೆಗೆ ಹರಕೆಗೆ ಹಾರಿಸೋ ಗುಂಡು ಮಡೀಲಿ ಎರೆದದ್ದು ಆಗ್ಬೇಡ್ವಾ?"

ತಕ್ಕರು ಎಲೆ ಅಡಿಕೆ ತಟ್ಟೆ ಪಕ್ಕಕ್ಕೆ ಸರಿಸಿದರು. "ಅದು ನಿಜ" ಅಂದರು. "ಇಷ್ಟು ದಿನ ಯಾರಿಗೂ ಹೊಳೀಲಿಲ್ಲ ನೋಡಿ."

"ಮನೇಲಿ ಎರೆದದ್ದು ಹೊಸ ರೈಫಲಿಗೆ ಹೊಂದೋದಿಲ್ಲ" ಅಂದರು ಸುಬೇದಾರ್ರು.

"ನಿಮ್ಮ ಅಪ್ಪನ ಹಳೇ ರೈಫಲು ಉಂಟಲ್ಲ" ಅಂದರು ನಮ್ಮವರು. "ಅದಕ್ಕೆ ನಮ್ಮ ಅಪ್ಪನೇ ಎರೆದು ಕೊಡ್ತಿದ್ದರು. ಅಚ್ಚು ಇನ್ನೂ ಇದೆ."

ಅಪ್ಪನ ಕೋವಿ ಅಂದದ್ದೇ ಸುಬೇದಾರ್ರು ಮೆತ್ತಗಾದರು. ನಾನು ಸುಳ್ಳು ಹೇಳಲಿಲ್ಲ, ಮಡಿಯ ಮಾತು ನಾನು ನಂಬಿದ್ದೇ. ಬರೀ ಸೀಸ ಬೈನೆ ಮರವನ್ನು ದಾಟದು ಅನ್ನುವುದೂ ನಾನು ನಂಬಿದ್ದೇ. ಎರಡೂ ಒಂದೇ ಬಾಗಿಲಲ್ಲಿ ಬಂದವು.

ಮಡಿ ಅಂದರೆ ಮಿಂದು ಒದ್ದೆ ಬಟ್ಟೆಯಲ್ಲಿ ಮಾಡಬೇಕು. ಸೀಸಕ್ಕೆ ನೀರು ಆಗದು. ಒದ್ದೆ ಸೀರೆಯಲ್ಲಿ ಆ ಒಲೆಯ ಮುಂದೆ ಕೂತರೆ ಮುಖ ಉಳಿಯುವುದಿಲ್ಲ. ಅತ್ತೆ ಆಗ ಹಾಸಿಗೆ ಹಿಡಿದಿದ್ದರು, ಅವರನ್ನೇ ಕೇಳಿದೆ.

"ರೇಷ್ಮೆಗೆ ಮೈಲಿಗೆ ಇಲ್ಲ. ಧಾರೆ ಸೀರೆ ಉಟ್ಕೋ" ಅಂದರು. ಸ್ವಲ್ಪ ತಡೆದು, "ಕೂದಲು ಆರಿಸ್ಕೊಂಡು ಹೋಗು" ಅಂದರು.

ಹಾಗೆ, ಮಿಂದು, ಕೂದಲು ಆರಿಸಿ, ಧಾರೆಯಲ್ಲಿ ಉಟ್ಟ ರೇಷ್ಮೆ ಸೀರೆ ಉಟ್ಟು ಗುಂಡು ಎರೆದೆ. ಒಂದು ಹನಿ ಸಿಡಿದು ಸೆರಗಿನ ಜರಿಯ ಹತ್ತಿರ ಕೂತಿತು. ಜೇನುಮೇಣ ಸವರಿ, ತುಳಸಿ ಎಲೆ ಸುತ್ತಿ ಕೊಟ್ಟೆ. ತೋಟಾ ಕಟ್ಟಿದವರು ನಮ್ಮ ಯಜಮಾನರು.

ಹಬ್ಬದ ದಿನ ಗುಡ್ಡವೇ ಕಾಣದಷ್ಟು ಮಂಜು. ಅಕ್ಕಮ್ಮ ದೀಪ ಹಿಡಿದು ಗದ್ದೆಯ ಬದು ದಾಟಿ ಹೋದಳು. ಸ್ವಲ್ಪ ದೂರ ಬಿಳಿ ಸೀರೆ ಕಂಡಿತು, ಆಮೇಲೆ ದೀಪ ಮಾತ್ರ, ಆಮೇಲೆ ಅದೂ ಇಲ್ಲ. ಉಳಿದ ಕೋವಿಗಳನ್ನೆಲ್ಲ ಹೂವಿನ ಜೊತೆ ಒರಗಿಸಿಟ್ಟಿದ್ದರು. ಸುಬೇದಾರ್ರು ಅಪ್ಪನ ರೈಫಲ್ ಎತ್ತಿದರು. ನಾನು ಕಣ್ಣು ಮುಚ್ಚಲಿಲ್ಲ. ನಾನು ಎರೆದದ್ದು ಎಲ್ಲಿ ನಿಲ್ಲುತ್ತದೆ ಅಂತ ನಾನೇ ನೋಡಬೇಕಿತ್ತು.

ಹಳೆಯ ಮದ್ದಿನ ದಪ್ಪ ಸದ್ದು, ಬಿಳಿ ಹೊಗೆ. ಕಾಯಿ ಚೂರು ಚೂರಾಗಿ ಸಿಡಿಯಿತು. ಬೈನೆ ಮರ ಒಮ್ಮೆ ನಡುಗಿ ನಿಂತಿತು. ಸುಬೇದಾರ್ರು ರೈಫಲ್ ಇಳಿಸದೆ ಗುಡ್ಡದ ಕಡೆ ಕಿವಿಗೊಟ್ಟು ನಿಂತಿದ್ದರು. ಗಂಟೆ ಆಗದು ಅಂತ ನನಗೆ ಗೊತ್ತಿತ್ತು. ಅವರ ಬೆನ್ನು ನೋಡಲಾಗದೆ ನಾನು ನೆಲ ನೋಡಿದೆ.

ಆಗ ಗಂಟೆ ಆಯಿತು.

ಸದ್ದಿನ ಬೆನ್ನಿಗೇ ಬಂದದ್ದಲ್ಲ. ಎಲ್ಲರ ಉಸಿರು ತಗ್ಗಿದ ಮೇಲೆ, ಬಿಡುವು ಮಾಡಿಕೊಂಡು ಬಂದ ಹಾಗೆ. ಒಂದೇ ಸಲ, ಸ್ಪಷ್ಟವಾಗಿ. ಸುಬೇದಾರ್ರು ಕೆಸರಿನಲ್ಲೇ ಕೂತುಬಿಟ್ಟರು. ತಕ್ಕರು ಅವರ ಹೆಗಲ ಮೇಲೆ ಕೈಯಿಟ್ಟರು. ನನ್ನ ಕಾಲು ಆಗಲೇ ಗದ್ದೆಯ ಬದುವಿನ ಮೇಲಿತ್ತು. ನನ್ನ ಗುಂಡು ದಾಟಿತೇ, ಅಕ್ಕಮ್ಮನನ್ನು ದಾಟಿತೇ ಅಂತ ಒಂದೇ ಯೋಚನೆ.

ಅರ್ಧ ದಾರಿಯಲ್ಲಿ ಅವಳು ಮಂಜಿನಿಂದ ಇಳಿದು ಬರುತ್ತಿದ್ದಳು. ದೀಪ ಉರಿಯುತ್ತಲೇ ಇತ್ತು. ನಾನು ಅವಳ ತೋಳು, ಹೆಗಲು ಮುಟ್ಟಿ ಮುಟ್ಟಿ ನೋಡಿದೆ.

"ಎಂಥದು ತಂಗಿ, ನಾನು ಸರಿಯಾಗೇ ಇದ್ದೇನೆ" ಅಂದಳು. ಮುಖ ಬಾಡಿತ್ತು. "ಸುಬೇದಾರ್ರಿಗೆ ಬಹಳ ಬೇಜಾರಾಯ್ತಾ?"

"ಯಾಕಕ್ಕ?"

"ಗಂಟೆ ಆಗ್ಲಿಲ್ಲ ಅಲ್ವಾ."

ನಾನು ಅವಳ ಕೈ ಹಿಡಿದುಕೊಂಡೆ.

"ಗಾಳಿಗೆ ಅಲುಗಾಡಿ ಸದ್ದಾದ್ರೆ ದೇವರ ಹೆಸರಿಗೆ ಸುಳ್ಳಾಗ್ತದೆ ಅಂತ, ನಾನು ಗಂಟೆ ನಾಲಗೆ ಒಂದು ಕೈಲಿ, ಗಂಟೆ ಮೈ ಒಂದು ಕೈಲಿ ಹಿಡ್ಕೊಂಡೇ ನಿಂತಿದ್ದೆ. ದೀಪ ಕಟ್ಟೆ ಮೇಲಿಟ್ಟಿದ್ದೆ. ಕೋವಿ ಸದ್ದು ಕೇಳಿತು. ಆಮೇಲೆ ಕಾದೆ, ಕಾದೆ. ಒಂದು ಎಲೆಯೂ ಅಲುಗಾಡ್ಲಿಲ್ಲ." ಅವಳ ಎರಡೂ ಅಂಗೈ ಕಂಚಿನ ಕಿಲುಬಿನಿಂದ ಹಸಿರಾಗಿದ್ದವು.

ಕೆಳಗೆ ಗದ್ದೆಯಲ್ಲಿ ಜನ ಸುಬೇದಾರ್ರನ್ನು ಎಬ್ಬಿಸಿ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದರು. ವಾಲಗದವರು ಶುರುಮಾಡಿದ್ದರು. ನಾನು ಅಕ್ಕಮ್ಮನ ಕೈಯನ್ನು ನನ್ನ ಸೆರಗಿನಲ್ಲಿ ಒರೆಸಿದೆ. "ಕೆಳಗೆ ಎಲ್ಲರಿಗೂ ಕೇಳಿಸಿತು ಅಕ್ಕ" ಅಂದೆ.

ಅವಳು ನನ್ನ ಮುಖ ನೋಡಿದಳು, ಹಿಂದೆ ತಿರುಗಿ ಬನದ ಕಡೆ ನೋಡಿದಳು. ದೀಪವನ್ನು ಗಾಳಿಗೆ ಮರೆ ಮಾಡಿಕೊಂಡು ನನ್ನ ಜೊತೆ ಇಳಿದಳು.

ಹರಕೆ ತೀರಿತು ಅಂತ ತಕ್ಕರು ಆ ವರ್ಷದಿಂದ ಬನದ ಕಡೆ ಗುಂಡು ಹಾರಿಸುವುದು ನಿಲ್ಲಿಸಿದರು. ಗುರಿ ಕಟ್ಟುವ ಜಾಗವನ್ನು ಗದ್ದೆಯ ಇನ್ನೊಂದು ತುದಿಗೆ, ಮಣ್ಣಿನ ದರೆಯ ಮುಂದಕ್ಕೆ ಹಾಕಿದರು. ಅಲ್ಲಿ ಯಾವ ಗುಂಡು ಹೊಡೆದರೂ ಹಿಂದೆ ಇರುವುದು ಗುಡ್ಡದ ಹೊಟ್ಟೆ. ಸುಬೇದಾರ್ರ ಮಗ ಪೂರ್ತಿ ನೌಕರಿ ಮಾಡಿ ಊರಿಗೆ ಬಂದ. ಅಕ್ಕಮ್ಮ ಮುದುಕಿಯಾಗಿ, ತನ್ನ ಹಾಸಿಗೆಯಲ್ಲೇ ಹೋದಳು. ಅವಳಿಗಾಗಿ ಎರಡು ಗುಂಡು ಹಾರಿಸಿದವರು ಸುಬೇದಾರ್ರೇ.

ಹಬ್ಬದ ಮರುದಿನ ನಮ್ಮ ಯಜಮಾನರು ಬೈನೆ ಮರ ಕೊರೆದು ನನ್ನ ಗುಂಡು ಹೊರಗೆ ತೆಗೆದಿದ್ದರು. ಅರ್ಧ ಮರದಲ್ಲೇ ನಿಂತಿತ್ತು. ಅಣಬೆಯ ಹಾಗೆ ಅರಳಿತ್ತು. ಅದು ನಮ್ಮ ದೇವರ ಗೂಡಿನಲ್ಲಿದೆ, ಪಕ್ಕದಲ್ಲೇ ಆ ಖಾಲಿ ತಾಮ್ರದ ಕೋಟೂ ಇದೆ. ಧಾರೆ ಸೀರೆಯಲ್ಲಿ ಸೀಸ ಸಿಡಿದ ಕಲೆ ಹಾಗೇ ಇದೆ.

ವಿಮಲಾ, ಯಾರಾದರೂ ಯಾವ ಗುಂಡು ಒಳ್ಳೆಯದು ಅಂತ ಕೇಳಿದರೆ, ನೀವು ಹೊಡೆಯುವುದರ ಹಿಂದೆ ಏನಿದೆ ಅಂತ ನೀನು ತಿರುಗಿ ಕೇಳು. ಹಿಂದೆ ದರೆ ಇದ್ದರೆ ಕೋಟು ಗುಂಡು ಕೊಡು. ದಾರಿಯೋ ಮನೆಯೋ ಬನವೋ ಇದ್ದರೆ ಬರೀ ಸೀಸ ಕೊಡು. ಗೊತ್ತಿಲ್ಲ ಅಂದರೆ ಕಾಫಿ ಕೊಟ್ಟು ಕಳಿಸು. ಗುಂಡು ಎಲ್ಲಿ ನಿಂತಿತು ಅಂತ ಗೊತ್ತಿದ್ದರೆ ನಮ್ಮ ಕೆಲಸ ಮುಗಿಯಿತು. ನನ್ನದು ಎಲ್ಲಿ ನಿಂತಿತು ಅಂತ ನನಗೆ ಗೊತ್ತು, ಅದನ್ನು ದಿನವೂ ಕೈಯಲ್ಲಿ ಹಿಡಿದು ನೋಡುತ್ತೇನೆ. ಗಂಟೆ ಯಾರು ಬಾರಿಸಿದರು ಅಂತ ಮಾತ್ರ ಗೊತ್ತಿಲ್ಲ. ಸಂಜೆ ಬನದಲ್ಲಿ ಈಗಲೂ ಗಂಟೆ ಆಗುತ್ತದೆ, ಈಗ ದೀಪ ಹಚ್ಚುವವಳು ಬೇರೆ. ಆ ಸದ್ದು ಕೇಳಿದಾಗ ಕೈಯಲ್ಲಿ ಏನಿದ್ದರೂ ಕೆಳಗಿಟ್ಟು, ಹಸಿರು ಹತ್ತಿದೆಯೇ ಅಂತ ನನ್ನ ಎರಡೂ ಅಂಗೈ ಒಮ್ಮೆ ನೋಡಿಕೊಳ್ಳುತ್ತೇನೆ.